ಮನೆಯ ಗಣಕಯಂತ್ರದ ಭದ್ರತಾ ದಾಖಲೆ

ಭದ್ರತಾ ದಾಖಲೆ ಅಥವಾ ಸೆಕ್ಯುರಿಟಿ ಲಾಗ್ ಎಂಬುದು ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯು ಬಳಕೆದಾರರ ಪ್ರವೇಶ, ನಿರಾಕರಿಸಲ್ಪಟ್ಟ ಪ್ರವೇಶ, ಖಾತೆಗಳಲ್ಲಿ ಆದ ಬದಲಾವಣೆ, ವಿಶೇಷಾಧಿಕಾರಗಳ ಬಳಕೆ ಮುಂತಾದ ಘಟನೆಗಳನ್ನು ದಿನಾಂಕ ಮತ್ತು ವೇಳೆಯೊಂದಿಗೆ ತಾನಾಗಿ ಬರೆದಿಡುವ ಕಡತವಾಗಿದೆ. ಕಚೇರಿಗಳಲ್ಲಿ ಇದನ್ನು ಪರಿಶೀಲಿಸಲು ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ಮನೆಗಳಲ್ಲಿ ಇದನ್ನು ತೆರೆದು ನೋಡುವ ಸಂದರ್ಭ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಯಾರೂ ಬಳಸದೆ ಬಿಟ್ಟುಹೋಗಿದ್ದ ಗಣಕಯಂತ್ರವನ್ನು ತಾವಿಲ್ಲದಾಗ ಯಾರೋ ಮುಟ್ಟಿದ್ದಾರೆಯೇ ಎಂಬ ಸಂಶಯ. ಹಾಗೆ ತೆರೆದಾಗ ನೂರಾರು ನಮೂದುಗಳು ಕಂಡು ಗಾಬರಿಯಾಗುವುದು ಸಾಮಾನ್ಯ. ಅವುಗಳಲ್ಲಿ ಬಹುಪಾಲು ಯಂತ್ರವು ತನ್ನ ಪಾಡಿಗೆ ತಾನು ಮಾಡಿದ ಕೆಲಸದ ಗುರುತುಗಳಾಗಿರುತ್ತವೆ. ಒಂದೇ ನಮೂದನ್ನು ಹಿಡಿದು ತೀರ್ಮಾನಿಸಿದರೆ ಮನೆಗೆಲಸದವರು, ನೆರೆಯವರು ಅಥವಾ ಮನೆಯವರ ಮೇಲೆಯೇ ತಪ್ಪು ಆರೋಪ ಹೊರಿಸಿದಂತಾಗಬಹುದು. ಈ ಲೇಖನವು ಮುಖ್ಯವಾಗಿ ಮೈಕ್ರೋಸಾಫ್ಟ್ ವಿಂಡೋಸ್ ವ್ಯವಸ್ಥೆಗೆ ಸಂಬಂಧಿಸಿದೆ.

ಇತಿಹಾಸ

ವಿಂಡೋಸ್‌ನಲ್ಲಿ ಘಟನೆಗಳನ್ನು ದಾಖಲಿಸುವ ವ್ಯವಸ್ಥೆಯು 1993ರಲ್ಲಿ ಬಿಡುಗಡೆಯಾದ ವಿಂಡೋಸ್ ಎನ್‌ಟಿ 3.1ರೊಂದಿಗೆ ಆರಂಭವಾಯಿತು. ಆಗಿನಿಂದಲೂ ದಾಖಲೆಯನ್ನು ಅಪ್ಲಿಕೇಶನ್, ಸೆಕ್ಯುರಿಟಿ, ಸಿಸ್ಟಮ್ ಎಂದು ಮೂರು ಭಾಗ ಮಾಡುವ ಪದ್ಧತಿ ಉಳಿದುಬಂದಿದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಭದ್ರತಾ ಘಟನೆಗಳ ದಾಖಲಾತಿಯು ಪೂರ್ವನಿಯೋಜಿತವಾಗಿ ಸ್ಥಗಿತವಾಗಿತ್ತು. ಆದ್ದರಿಂದ ಆ ಕಾಲದ ಮನೆಯ ಗಣಕಗಳಲ್ಲಿ ಈ ಭಾಗವು ಖಾಲಿಯಾಗಿಯೇ ಇರುತ್ತಿತ್ತು. ವಿಂಡೋಸ್ ವಿಸ್ಟಾದೊಂದಿಗೆ ಇಡೀ ವ್ಯವಸ್ಥೆಯನ್ನು ಹೊಸದಾಗಿ ರೂಪಿಸಲಾಯಿತು. ಘಟನಾ ಸಂಖ್ಯೆಗಳೂ ಬದಲಾದವು. ಹಳೆಯ ಸಂಖ್ಯೆಗಳಲ್ಲಿ ಹಲವಕ್ಕೆ 4096 ಕೂಡಿಸಿದರೆ ಹೊಸ ಸಂಖ್ಯೆ ದೊರೆಯುತ್ತದೆ: ಯಶಸ್ವಿ ಪ್ರವೇಶವನ್ನು ಸೂಚಿಸುತ್ತಿದ್ದ 528 ಈಗ 4624, ವಿಫಲ ಪ್ರವೇಶದ 529 ಈಗ 4625. ಹಳೆಯ ಪುಸ್ತಕಗಳಲ್ಲಿ 500ರ ಸರಣಿಯ ಸಂಖ್ಯೆಗಳು ಕಾಣುವುದಕ್ಕೆ ಇದೇ ಕಾರಣ.

ದಾಖಲೆಯ ರಚನೆ

ದಾಖಲೆಯನ್ನು ಈವೆಂಟ್ ವ್ಯೂವರ್ ಎಂಬ ತಂತ್ರಾಂಶದಲ್ಲಿ ನೋಡಬಹುದು. ಇದು ವಿಂಡೋಸ್‌ನೊಂದಿಗೇ ಬರುತ್ತದೆ. ಬೇರೆ ಯಾವುದನ್ನೂ ಅಳವಡಿಸಬೇಕಾಗಿಲ್ಲ. ಭದ್ರತಾ ಭಾಗವನ್ನು ತೆರೆಯಲು ಮಾತ್ರ ನಿರ್ವಾಹಕ ಖಾತೆಯ ಅಧಿಕಾರ ಬೇಕು. ಪ್ರತಿ ನಮೂದಿನಲ್ಲಿ ಘಟನಾ ಸಂಖ್ಯೆ, ವೇಳೆ, ಖಾತೆಯ ಹೆಸರು, ಲಾಗಿನ್ ಗುರುತು, ಕಾರಣವಾದ ತಂತ್ರಾಂಶದ ಹೆಸರು ಮೊದಲಾದ ವಿವರಗಳಿರುತ್ತವೆ. ವಿಂಡೋಸ್‌ಗೆ ಕನ್ನಡದ ಮುಖಪುಟ ಅಳವಡಿಸಿಕೊಂಡಿದ್ದರೂ, ಇಂಗ್ಲಿಷಿನಲ್ಲೇ ಇಟ್ಟುಕೊಂಡಿದ್ದರೂ ಘಟನಾ ಸಂಖ್ಯೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ಇಂಗ್ಲಿಷ್ ವಿವರಣೆಯನ್ನು ಪೂರ್ತಿ ಓದಲಾಗದವರಿಗೂ ಸಂಖ್ಯೆಯೊಂದೇ ಸಾಕಷ್ಟು ದೂರ ದಾರಿ ತೋರಿಸುತ್ತದೆ.

ಭದ್ರತಾ ಭಾಗದ ನಮೂದುಗಳ ಪಕ್ಕದಲ್ಲಿ ಎರಡು ಚಿಹ್ನೆಗಳು ಕಾಣುತ್ತವೆ. ಕೀಲಿಕೈ ಚಿಹ್ನೆಯು 'ಆಡಿಟ್ ಸಕ್ಸೆಸ್' ಅನ್ನೂ ಬೀಗದ ಚಿಹ್ನೆಯು 'ಆಡಿಟ್ ಫೇಲ್ಯೂರ್' ಅನ್ನೂ ಸೂಚಿಸುತ್ತವೆ. ಮೊದಲನೆಯದನ್ನು 'ದಾಳಿ ಯಶಸ್ವಿಯಾಗಿದೆ' ಎಂದು ತಿಳಿದುಕೊಳ್ಳುವವರಿದ್ದಾರೆ. ಅದರ ಅರ್ಥ ಇಷ್ಟೇ: ಕೋರಿದ ಕೆಲಸಕ್ಕೆ ಅನುಮತಿ ಇತ್ತು, ಕೆಲಸ ನಡೆಯಿತು.

ವೇಳೆಯನ್ನು ಕಡತದೊಳಗೆ ಜಾಗತಿಕ ಕಾಲಮಾನದಲ್ಲಿ ಬರೆಯಲಾಗುತ್ತದೆ. ತೆರೆದು ನೋಡುವ ಯಂತ್ರವು ಅದನ್ನು ತನ್ನ ಸ್ಥಳೀಯ ಕಾಲಮಾನಕ್ಕೆ ಪರಿವರ್ತಿಸಿ ತೋರಿಸುತ್ತದೆ. ಭಾರತೀಯ ಕಾಲಮಾನವು ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಗದಗದ ಮನೆಯ ಗಣಕದಿಂದ ಉಳಿಸಿದ ದಾಖಲೆಯನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮಗಳಿಗೆ ಕಳುಹಿಸಿದರೆ, ನಸುಕಿನ 2 ಗಂಟೆಯ ನಮೂದು ಆಕೆಯ ಪರದೆಯ ಮೇಲೆ ಬೇಸಿಗೆಯಲ್ಲಿ ಹಿಂದಿನ ದಿನದ ಮಧ್ಯಾಹ್ನ 1:30 ಎಂದು ಕಾಣುತ್ತದೆ. ಇಬ್ಬರೂ ದೂರವಾಣಿಯಲ್ಲಿ ಮಾತನಾಡುತ್ತ ಬೇರೆ ಬೇರೆ ವೇಳೆಗಳನ್ನು ಹೇಳಿದರೆ ದಾಖಲೆ ತಿದ್ದಲ್ಪಟ್ಟಿದೆ ಎಂದು ಭಾವಿಸಬೇಕಾಗಿಲ್ಲ. ನಮೂದಿನ ಎಕ್ಸ್‌ಎಂಎಲ್ ನೋಟವನ್ನು ತೆರೆದರೆ ಮೂಲ ವೇಳೆ ಇಬ್ಬರಿಗೂ ಒಂದೇ ಆಗಿ ಕಾಣುತ್ತದೆ.

ಪ್ರವೇಶದ ವಿಧ

4624 ಸಂಖ್ಯೆಯ ನಮೂದು ಇದೆ ಎಂದ ಮಾತ್ರಕ್ಕೆ ಮನುಷ್ಯನೊಬ್ಬ ಗಣಕದ ಮುಂದೆ ಕುಳಿತಿದ್ದನೆಂದು ಹೇಳಲಾಗದು. ಅದರೊಳಗಿನ 'ಲಾಗಿನ್ ವಿಧ' ಎಂಬ ಅಂಕಿಯನ್ನು ನೋಡಬೇಕು. ಕೀಲಿಮಣೆಯ ಮೂಲಕ ನೇರವಾಗಿ ಪ್ರವೇಶಿಸಿದರೆ ವಿಧ 2. ಹಂಚಿಕೊಂಡ ಕಡತಕೋಶ ಅಥವಾ ಮುದ್ರಕವನ್ನು ಮನೆಯ ಜಾಲದ ಇನ್ನೊಂದು ಯಂತ್ರ ಬಳಸಿದರೆ ವಿಧ 3. ನಿಗದಿತ ವೇಳೆಗೆ ನಡೆಯುವ ಕೆಲಸಕ್ಕೆ ವಿಧ 4, ಹಿನ್ನೆಲೆಯಲ್ಲಿ ನಡೆಯುವ ಸೇವೆಗಳಿಗೆ ವಿಧ 5. ಬೀಗ ಹಾಕಿದ್ದ ಪರದೆಯನ್ನು ಗುಪ್ತಪದ ಅಥವಾ ಪಿನ್ ನೀಡಿ ತೆರೆದರೆ ವಿಧ 7. ದೂರದಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಂದರೆ ವಿಧ 10. ಯಂತ್ರದಲ್ಲಿ ಮೊದಲೇ ಉಳಿದಿರುವ ಗುರುತಿನ ವಿವರಗಳಿಂದ ಪ್ರವೇಶಿಸಿದರೆ ವಿಧ 11; ಮೈಕ್ರೋಸಾಫ್ಟ್ ಖಾತೆ ಬಳಸುವವರಿಗೆ ಇದು ಆಗಾಗ ಕಾಣುತ್ತದೆ.

ಯಾರೂ ಇಲ್ಲದ ಮನೆಯ ಯಂತ್ರದಲ್ಲಿ ಅತಿ ಹೆಚ್ಚು ಕಾಣುವುದು ವಿಧ 5. ಇದರ ಖಾತೆಯ ಹೆಸರು ಸಾಮಾನ್ಯವಾಗಿ 'ಸಿಸ್ಟಮ್' ಎಂದಿರುತ್ತದೆ, ಅದರ ಭದ್ರತಾ ಗುರುತು ಎಸ್-1-5-18. ಇದರ ಬೆನ್ನಿಗೇ 4672 ಸಂಖ್ಯೆಯ ನಮೂದು ಬರುತ್ತದೆ. 'ಹೊಸ ಪ್ರವೇಶಕ್ಕೆ ವಿಶೇಷಾಧಿಕಾರ ನೀಡಲಾಗಿದೆ' ಎಂಬುದು ಅದರ ಸಾರ. ಓದಿದವರ ಎದೆ ಝಲ್ಲೆನ್ನುವಂತಿದ್ದರೂ ಸಿಸ್ಟಮ್ ಖಾತೆಗೆ ಇದು ನಿತ್ಯದ ವಿಷಯ.

ವಿಧ 2ರಲ್ಲಿಯೂ ಒಂದು ತೊಡಕಿದೆ. ವಿಂಡೋಸ್ 10 ಮತ್ತು 11ರಲ್ಲಿ ಯಂತ್ರ ಚಾಲನೆಯಾದಾಗ, ಯಾರೂ ಗುಪ್ತಪದ ನೀಡುವ ಮೊದಲೇ, 'ಡಿಡಬ್ಲ್ಯುಎಮ್-1', 'ಯುಎಮ್‌ಎಫ್‌ಡಿ-0', 'ಯುಎಮ್‌ಎಫ್‌ಡಿ-1' ಎಂಬ ಹೆಸರುಗಳಲ್ಲಿ ವಿಧ 2ರ ಪ್ರವೇಶಗಳು ದಾಖಲಾಗುತ್ತವೆ. ಇವು ಮನುಷ್ಯರಲ್ಲ. ಮೊದಲನೆಯದು ಪರದೆಯ ಕಿಟಕಿಗಳನ್ನು ಚಿತ್ರಿಸುವ ಭಾಗ. ಉಳಿದೆರಡು ಅಕ್ಷರಶೈಲಿಗಳನ್ನು ನಿರ್ವಹಿಸುವ ಭಾಗಕ್ಕೆ ಸೇರಿದವು. ಅಪರಿಚಿತ ಹೆಸರಿನ ಮೂವರು ತಮ್ಮ ಗಣಕಕ್ಕೆ ಪ್ರವೇಶಿಸಿದ್ದಾರೆ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಇವೇ. ಆದ್ದರಿಂದ ಪ್ರವೇಶದ ವಿಧ ಮತ್ತು ಖಾತೆಯ ಹೆಸರು ಎರಡನ್ನೂ ಜೊತೆಯಾಗಿ ಓದುವುದು ಅಗತ್ಯ.

ನಿರ್ವಾಹಕ ಅಧಿಕಾರವುಳ್ಳ ವ್ಯಕ್ತಿಯೊಬ್ಬರು ಒಮ್ಮೆ ಪ್ರವೇಶಿಸಿದರೆ ಒಂದೇ ಕ್ಷಣದಲ್ಲಿ ಎರಡು 4624 ನಮೂದುಗಳು ಮೂಡುತ್ತವೆ. ವಿಂಡೋಸ್ ಅಂಥವರಿಗೆ ಸಾಧಾರಣ ಅಧಿಕಾರದ ಒಂದು, ಪೂರ್ಣ ಅಧಿಕಾರದ ಇನ್ನೊಂದು ಎಂದು ಎರಡು ಗುರುತುಗಳನ್ನು ಸಿದ್ಧಪಡಿಸುವುದೇ ಇದಕ್ಕೆ ಕಾರಣ. ಎರಡೂ ನಮೂದುಗಳಲ್ಲಿ ಒಂದರ ಲಾಗಿನ್ ಗುರುತು ಇನ್ನೊಂದರಲ್ಲಿ ಜೋಡಿ ಗುರುತಾಗಿ ಕಾಣುತ್ತದೆ. ಪ್ರವೇಶಗಳನ್ನು ಎಣಿಸುವಾಗ ಇವನ್ನು ಒಂದೆಂದೇ ಲೆಕ್ಕ ಹಿಡಿಯಬೇಕು.

ವಿದ್ಯುತ್ ಕಡಿತ ಮತ್ತು ತಾನಾಗಿ ಚಾಲನೆಗೊಳ್ಳುವ ಯಂತ್ರ

ಭದ್ರತಾ ಭಾಗವನ್ನು ಸಿಸ್ಟಮ್ ಭಾಗದೊಂದಿಗೆ ಹೋಲಿಸದೆ ಓದಿದರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ವಿದ್ಯುತ್ ಪೂರೈಕೆಯಲ್ಲಿ ವ್ಯತ್ಯಯವಾಗುವ ಊರುಗಳಲ್ಲಿ ಇದು ಇನ್ನೂ ಮುಖ್ಯ. ಗದಗ-ಬೆಟಗೇರಿ ನಗರ ಹಾಗೂ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಗೆ ಸೇರಿವೆ. ಮುಂಗಾರಿಗೆ ಮುನ್ನ ಏಪ್ರಿಲ್–ಮೇ ತಿಂಗಳುಗಳಲ್ಲಿ ಗುಡುಗು-ಗಾಳಿಯೊಂದಿಗೆ ಬರುವ ಮಳೆಗೆ ಈ ಭಾಗದಲ್ಲಿ ಕರೆಂಟು ಹೋಗಿ ಬರುವುದು ಹೊಸತಲ್ಲ. ಶಾಲೆಗಳಿಗೆ ರಜೆಯಿದ್ದು ಮನೆಮಂದಿಯೆಲ್ಲ ಊರಿಗೆ ಹೋಗುವ ಕಾಲವೂ ಅದೇ.

ಯುಪಿಎಸ್ ಇಲ್ಲದ ಮೇಜುಗಣಕಕ್ಕೆ ಕರೆಂಟು ಹಠಾತ್ತನೆ ನಿಂತರೆ ಆ ಕ್ಷಣದಲ್ಲಿ ಏನನ್ನೂ ಬರೆಯಲು ಅದಕ್ಕೆ ಸಮಯ ಸಿಗುವುದಿಲ್ಲ. ಮುಂದಿನ ಸಲ ಚಾಲನೆಯಾದಾಗ ಸಿಸ್ಟಮ್ ಭಾಗದಲ್ಲಿ ಕರ್ನೆಲ್-ಪವರ್ ಮೂಲದ 41 ಮತ್ತು ಈವೆಂಟ್‌ಲಾಗ್ ಮೂಲದ 6008 ಎಂಬ ನಮೂದುಗಳು ಮೂಡುತ್ತವೆ. ಹಿಂದಿನ ಸಲ ಕ್ರಮಬದ್ಧವಾಗಿ ಮುಚ್ಚಿರಲಿಲ್ಲ ಎಂಬುದು ಇವೆರಡರ ಅರ್ಥ. 6008ರಲ್ಲಿ ನಿಂತುಹೋದ ವೇಳೆಯೂ ಇರುತ್ತದೆ. ಹಲವು ಯಂತ್ರಗಳ ಬಯೋಸ್‌ನಲ್ಲಿ, ಕರೆಂಟು ಮರಳಿದೊಡನೆ ತಾನಾಗಿ ಚಾಲನೆಯಾಗುವಂತೆ ಮಾಡುವ ಆಯ್ಕೆಯಿದೆ. ಅದು ಸಕ್ರಿಯವಾಗಿದ್ದರೆ ಬೀಗ ಹಾಕಿದ ಮನೆಯಲ್ಲಿಯೂ ಗಣಕ ತಾನೇ ಎದ್ದು ಕುಳಿತುಕೊಳ್ಳುತ್ತದೆ.

ಉದಾಹರಣೆಗೆ, ಲಕ್ಷ್ಮೇಶ್ವರದ ಒಂದು ಮನೆಯಲ್ಲಿ ಮೇಜುಗಣಕವನ್ನು ಚಾಲನೆಯಲ್ಲಿಯೇ ಬಿಟ್ಟು ಕುಟುಂಬವು ಒಂದು ವಾರ ಹೊರಗೆ ಹೋಗಿದೆ ಎಂದಿಟ್ಟುಕೊಳ್ಳಬಹುದು. ಹಿಂತಿರುಗಿದ ಮೇಲೆ ದಾಖಲೆಯಲ್ಲಿ ಮೂರನೆಯ ದಿನದ ಸಂಜೆ 41 ಮತ್ತು 6008, ಅದೇ ನಿಮಿಷದಲ್ಲಿ ವಿಂಡೋಸ್ ಆರಂಭವನ್ನು ಸೂಚಿಸುವ 4608, ನಂತರ ಸಿಸ್ಟಮ್ ಖಾತೆಯ ವಿಧ 5ರ ಸಾಲುಸಾಲು 4624, ಅವುಗಳ ನಡುವೆ ಡಿಡಬ್ಲ್ಯುಎಮ್-1 ಕಾಣುತ್ತವೆ. ಮನೆಯವರ ಖಾತೆಯ ಹೆಸರಿನಲ್ಲಿ ವಿಧ 2, 7 ಅಥವಾ 11ರ ಒಂದು ನಮೂದೂ ಇಲ್ಲ. ಇದನ್ನು ಓದಬೇಕಾದ ರೀತಿ: ಕರೆಂಟು ಹೋಗಿ ಬಂದಿದೆ, ಯಂತ್ರ ಚಾಲನೆಯಾಗಿ ಪ್ರವೇಶದ ಪರದೆಯವರೆಗೆ ಬಂದು ನಿಂತಿದೆ, ವಿಂಡೋಸ್‌ನ ಒಳಗೆ ಯಾರೂ ಪ್ರವೇಶಿಸಿದ ಗುರುತಿಲ್ಲ. ಅದೇ ಸಂಜೆ ಬೀದಿಯಲ್ಲಿ ಕರೆಂಟು ಹೋಗಿತ್ತೇ ಎಂದು ನೆರೆಯವರನ್ನು ಒಂದು ಮಾತು ಕೇಳಿದರೆ ಉಳಿದ ಸಂಶಯವೂ ತೀರುತ್ತದೆ. ಗುಪ್ತಪದವೇ ಇಲ್ಲದೆ ತಾನಾಗಿ ಪ್ರವೇಶಿಸುವಂತೆ ಹೊಂದಿಸಿದ ಯಂತ್ರಗಳಿಗೆ ಮಾತ್ರ ಈ ತರ್ಕ ಅನ್ವಯಿಸುವುದಿಲ್ಲ. ಅಲ್ಲಿ ಮನೆಯವರ ಹೆಸರಿನ ನಮೂದೂ ಯಾರೂ ಮುಟ್ಟದೆಯೇ ಮೂಡುತ್ತದೆ.

ನಿದ್ರಾಸ್ಥಿತಿಯಲ್ಲಿರುವ ಯಂತ್ರ ಎಚ್ಚೆತ್ತಾಗ ಪವರ್-ಟ್ರಬಲ್‌ಶೂಟರ್ ಮೂಲದ 1 ಎಂಬ ನಮೂದು ಸಿಸ್ಟಮ್ ಭಾಗದಲ್ಲಿ ಬರುತ್ತದೆ. ಎಚ್ಚರಿಸಿದ್ದು ಪವರ್ ಗುಂಡಿಯೇ, ಸಮಯಸೂಚಕವೇ, ಯುಎಸ್‌ಬಿ ಸಾಧನವೇ ಎಂಬುದನ್ನು ಅದು ಹಲವು ಬಾರಿ ತಿಳಿಸುತ್ತದೆ. ವಿಂಡೋಸ್ 10ರಲ್ಲಿ ಸ್ವಯಂಚಾಲಿತ ನಿರ್ವಹಣೆಯ ಪೂರ್ವನಿಗದಿತ ವೇಳೆ ನಸುಕಿನ 2 ಗಂಟೆ. ಯಂತ್ರವನ್ನು ಎಬ್ಬಿಸಲು ಅದಕ್ಕೆ ಅನುಮತಿ ಇದ್ದರೆ ನಡುರಾತ್ರಿಯಲ್ಲಿ ಪರದೆ ಬೆಳಗುವುದಕ್ಕೆ ಇದೊಂದೇ ಸಾಕು. ಮೇಜಿನ ಮೇಲೆ ಬೆಕ್ಕು ಓಡಾಡಿ ಮೌಸ್ ಅಲುಗಿದರೂ ಯಂತ್ರ ಏಳಬಹುದು. ದಾಖಲೆಯಲ್ಲಿ ಅದು ಯುಎಸ್‌ಬಿ ಸಾಧನವೆಂದೇ ಕಾಣುತ್ತದೆ.

ಹಳೆಯ ಮೇಜುಗಣಕಗಳಲ್ಲಿ ಗಡಿಯಾರವೂ ದಾರಿ ತಪ್ಪಿಸುತ್ತದೆ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದ್ದರೆ, ಕರೆಂಟು ಹೋದಾಗ ದಿನಾಂಕವು ವರ್ಷಗಳಷ್ಟು ಹಿಂದಕ್ಕೆ ಜಾರುತ್ತದೆ. ಅಂತರಜಾಲ ಸಿಕ್ಕೊಡನೆ ವಿಂಡೋಸ್ ಅದನ್ನು ಸರಿಪಡಿಸಿ, 4616 ಎಂಬ ನಮೂದಿನಲ್ಲಿ ಹಳೆಯ ಮತ್ತು ಹೊಸ ವೇಳೆಗಳೆರಡನ್ನೂ ಬರೆದಿಡುತ್ತದೆ. ನಡುವಿನ ನಮೂದುಗಳ ವೇಳೆ ನಂಬಲರ್ಹವಲ್ಲ.

ಸಂಶಯಕ್ಕೆ ಕಾರಣವಾಗುವ ಇತರ ನಮೂದುಗಳು

5379 ಎಂಬ ನಮೂದು ಒಂದೇ ಸೆಕೆಂಡಿನಲ್ಲಿ ಹತ್ತಾರು ಸಲ ಬರುವುದುಂಟು. ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿಸಿದ ಗುರುತುಗಳನ್ನು ಯಾವುದೋ ತಂತ್ರಾಂಶ ಓದಿದೆ ಎಂಬುದು ಅದರ ಅರ್ಥ. ವಿಂಡೋಸ್‌ನ ಸ್ವಂತ ಭಾಗಗಳೇ ಹೀಗೆ ಓದುತ್ತಿರುತ್ತವೆ. 4798 ಮತ್ತು 4799 ನಮೂದುಗಳು ಬಳಕೆದಾರರು ಯಾವ ಗುಂಪಿನಲ್ಲಿದ್ದಾರೆಂದು ಪರಿಶೀಲಿಸಿದ್ದನ್ನು ತಿಳಿಸುತ್ತವೆ. ವಿಂಡೋಸ್ ಪರಿಷ್ಕರಣೆಯ ವೇಳೆ 4907 ರಾಶಿಯಾಗಿ ಬರುತ್ತದೆ. ಇವು ತಾವಾಗಿಯೇ ಆತಂಕಕ್ಕೆ ಕಾರಣಗಳಲ್ಲ.

ಗಮನ ಕೊಡಬೇಕಾದವು ಸಂಖ್ಯೆಯಲ್ಲಿ ಕಡಿಮೆ. ಮನೆಯಲ್ಲಿ ಯಾರೂ ಇಲ್ಲದ ವೇಳೆಯಲ್ಲಿ ಮನೆಯವರ ಖಾತೆಯ ಹೆಸರಿನಲ್ಲಿ ವಿಧ 2, 7 ಅಥವಾ 11ರ ಪ್ರವೇಶ ಕಂಡರೆ ಗುಪ್ತಪದ ತಿಳಿದವರು ಯಾರೋ ಯಂತ್ರವನ್ನು ತೆರೆದಿರುವ ಸಾಧ್ಯತೆ ಬಲವಾಗುತ್ತದೆ. ಹೊಸ ಖಾತೆ ಸೃಷ್ಟಿಯಾದರೆ 4720, ಖಾತೆಯೊಂದನ್ನು ನಿರ್ವಾಹಕರಂತಹ ಗುಂಪಿಗೆ ಸೇರಿಸಿದರೆ 4732 ಮೂಡುತ್ತವೆ. ಹೊಸ ಸೇವೆಯನ್ನು ಅಳವಡಿಸಿದ್ದು ಸಿಸ್ಟಮ್ ಭಾಗದ 7045ರಲ್ಲಿ ತಿಳಿಯುತ್ತದೆ. ವಿಂಡೋಸ್‌ನ ಹೋಮ್ ಆವೃತ್ತಿಯು ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದಿಲ್ಲವಾದ್ದರಿಂದ ಅಲ್ಲಿ ವಿಧ 10 ಕಂಡರೆ ವಿಚಾರಿಸಲೇಬೇಕು. ಭದ್ರತಾ ದಾಖಲೆಯನ್ನೇ ಯಾರಾದರೂ ಅಳಿಸಿದರೆ, ಖಾಲಿಯಾದ ದಾಖಲೆಯ ಮೊದಲ ಸಾಲಾಗಿ 1102 ಮೂಡುತ್ತದೆ. ಅಳಿಸಿದ ಖಾತೆಯ ಹೆಸರೂ ಅದರಲ್ಲಿರುತ್ತದೆ.

ವಿಫಲ ಪ್ರವೇಶದ 4625 ನಮೂದಿನಲ್ಲಿ ಕಾರಣವನ್ನು ಸೂಚಿಸುವ ಉಪಸಂಕೇತವಿದೆ. ಅದು 6ಎ ಎಂದು ಕೊನೆಗೊಂಡರೆ ಹೆಸರು ಸರಿ, ಗುಪ್ತಪದ ತಪ್ಪು. 64 ಎಂದು ಕೊನೆಗೊಂಡರೆ ಅಂಥ ಹೆಸರಿನ ಖಾತೆಯೇ ಯಂತ್ರದಲ್ಲಿಲ್ಲ. ಮನೆಯ ಖಾತೆಯ ಹೆಸರಿನಲ್ಲಿ ವಿಧ 2 ಅಥವಾ 7ರ ಎರಡು-ಮೂರು ವಿಫಲತೆಗಳು ಎಂದರೆ ಯಂತ್ರದ ಮುಂದೆಯೇ ಯಾರೋ ಗುಪ್ತಪದ ಊಹಿಸಲು ಯತ್ನಿಸಿರಬಹುದು. ಆಟವಾಡಲು ಬಂದ ಪಕ್ಕದ ಮನೆಯ ಹುಡುಗನೂ ಇರಬಹುದು. 'ಅಡ್ಮಿನ್', 'ಟೆಸ್ಟ್' ಮುಂತಾದ ಹೆಸರುಗಳಲ್ಲಿ ವಿಧ 3ರ ವಿಫಲತೆಗಳು ನಿಮಿಷಕ್ಕೆ ಹಲವಾರು ಬಂದಿದ್ದರೆ ಅದು ಅಂತರಜಾಲದಿಂದ ಯಂತ್ರಗಳು ನಡೆಸುವ ಕುರುಡು ಹುಡುಕಾಟ. ಹೊರಗಿನ ವಿಳಾಸವೊಂದು ಅದರಲ್ಲಿ ಕಂಡರೆ ಮನೆಯ ರೂಟರ್‌ನಲ್ಲಿ ಯಾವುದೋ ದಾರಿ ತೆರೆದಿದೆ ಎಂದರ್ಥ, ಅದನ್ನು ಮುಚ್ಚಿಸಬೇಕು. 192.168ರಿಂದ ಆರಂಭವಾಗುವ ವಿಳಾಸ ಮನೆಯೊಳಗಿನ ಸಾಧನದ್ದು, 127.0.0.1 ಎಂಬುದು ಅದೇ ಯಂತ್ರ.

ದಾಖಲೆಯ ಮಿತಿಗಳು

ನಮೂದು ಇಲ್ಲ ಎಂಬುದು ಘಟನೆ ನಡೆದಿಲ್ಲ ಎಂಬುದಕ್ಕೆ ಪುರಾವೆಯಾಗದು. ಯಾವುದನ್ನು ದಾಖಲಿಸಬೇಕೆಂಬುದನ್ನು ಆಡಿಟ್ ನೀತಿ ನಿರ್ಧರಿಸುತ್ತದೆ. ಪ್ರತಿ ತಂತ್ರಾಂಶದ ಚಾಲನೆಯನ್ನು ಬರೆಯುವ 4688, ಪರದೆಗೆ ಬೀಗ ಹಾಕಿದ ಮತ್ತು ತೆರೆದ 4800, 4801 ಹಾಗೂ ಕಡತಗಳನ್ನು ತೆರೆದುದರ 4663 ಮನೆಯ ಯಂತ್ರಗಳಲ್ಲಿ ಪೂರ್ವನಿಯೋಜಿತವಾಗಿ ಸ್ಥಗಿತವಾಗಿರುತ್ತವೆ. ಆದುದರಿಂದ ಯಾರು ಯಾವ ಛಾಯಾಚಿತ್ರ ನೋಡಿದರು ಎಂಬ ಪ್ರಶ್ನೆಗೆ ಈ ದಾಖಲೆಯಲ್ಲಿ ಸಾಮಾನ್ಯವಾಗಿ ಉತ್ತರವಿಲ್ಲ. ಭದ್ರತಾ ಕಡತದ ಪೂರ್ವನಿಗದಿತ ಗರಿಷ್ಠ ಗಾತ್ರ 20 ಎಂಬಿ. ತುಂಬಿದ ಮೇಲೆ ಹಳೆಯ ನಮೂದುಗಳ ಮೇಲೆಯೇ ಹೊಸವು ಬರೆಯಲ್ಪಡುತ್ತವೆ. ತಿಂಗಳುಗಟ್ಟಲೆ ಚಾಲನೆಯಲ್ಲಿಯೇ ಬಿಟ್ಟ ಯಂತ್ರದಲ್ಲಿ ಮೊದಲ ವಾರಗಳ ದಾಖಲೆ ಹೀಗೆ ಕಳೆದುಹೋಗಿರಬಹುದು.

ಪೆನ್‌ಡ್ರೈವ್‌ನಿಂದ ಬೇರೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಚಾಲನೆ ಮಾಡಿದರೆ, ಅಥವಾ ಹಾರ್ಡ್ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ನಕಲು ಮಾಡಿದರೆ, ವಿಂಡೋಸ್ ಆಗ ನಿದ್ರಿಸುತ್ತಿರುವುದರಿಂದ ಏನನ್ನೂ ಬರೆಯುವುದಿಲ್ಲ. ಇದನ್ನು ತಡೆಯುವುದು ಡಿಸ್ಕಿನ ಗೂಢಲಿಪೀಕರಣ ಮಾತ್ರ. ಎನಿಡೆಸ್ಕ್, ಟೀಮ್‌ವ್ಯೂವರ್ ಮಾದರಿಯ ದೂರನಿಯಂತ್ರಣ ತಂತ್ರಾಂಶಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಮೊದಲೇ ತೆರೆದಿರುವ ಪರದೆಯನ್ನೇ ದೂರದವರು ಅವುಗಳ ಮೂಲಕ ನಿಯಂತ್ರಿಸಿದರೆ ವಿಧ 10ರ ನಮೂದು ಮೂಡುವುದಿಲ್ಲ. ಆ ತಂತ್ರಾಂಶಗಳು ಪ್ರತ್ಯೇಕವಾಗಿ ಇಟ್ಟುಕೊಳ್ಳುವ ದಾಖಲೆಗಳನ್ನು ನೋಡಬೇಕಾಗುತ್ತದೆ.

ದಾಖಲೆಯನ್ನು ತೋರಿಸಿ ನಡೆಸುವ ವಂಚನೆ

ಈವೆಂಟ್ ವ್ಯೂವರ್ ಅನ್ನು ವಂಚಕರೂ ಬಳಸಿಕೊಂಡಿದ್ದಾರೆ. ಮೈಕ್ರೋಸಾಫ್ಟ್‌ನ ತಾಂತ್ರಿಕ ವಿಭಾಗದಿಂದ ಮಾತನಾಡುತ್ತಿದ್ದೇವೆ ಎಂದು ಕರೆ ಮಾಡುವವರು ಈ ತಂತ್ರಾಂಶವನ್ನು ತೆರೆಯಲು ಹೇಳಿ, ಅದರಲ್ಲಿನ ಕೆಂಪು ಮತ್ತು ಹಳದಿ ಗುರುತುಗಳನ್ನು ವೈರಸ್ ಸೋಂಕಿನ ಪುರಾವೆಯೆಂದು ನಂಬಿಸುತ್ತಾರೆ. ಅಂಥ ಗುರುತುಗಳು ಆರೋಗ್ಯವಾಗಿರುವ ಯಂತ್ರದಲ್ಲಿಯೂ ದಿನವೂ ಮೂಡುತ್ತವೆ ಎಂಬುದನ್ನು ಕೇಳುಗರು ತಿಳಿದಿರುವುದಿಲ್ಲ. ಮುಂದಿನ ಹೆಜ್ಜೆಯಾಗಿ ದೂರನಿಯಂತ್ರಣ ತಂತ್ರಾಂಶವನ್ನು ಅಳವಡಿಸಿಕೊಳ್ಳುವಂತೆ ಹೇಳಿ ಹಣ ಕೇಳುತ್ತಾರೆ. ಈ ಬಗೆಯ ಕರೆ ಕೇಂದ್ರಗಳ ವಿರುದ್ಧ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ನೀಡಿದ ಮಾಹಿತಿಯ ಆಧಾರದ ಮೇಲೂ ಕೇಂದ್ರೀಯ ತನಿಖಾ ದಳವು 2023ರ ಅಕ್ಟೋಬರ್‌ನಲ್ಲಿ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ ಹಲವೆಡೆ ಶೋಧ ನಡೆಸಿತು. ಬಳಕೆದಾರರು ಕೇಳದೆ ತಾನಾಗಿ ಇಂಥ ಕರೆಗಳನ್ನು ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿದೆ.

ಕಾನೂನು ಮತ್ತು ಸಾಕ್ಷ್ಯ

ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಹಾಗೆ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಪ್ರಮಾಣಪತ್ರ ಅಗತ್ಯ. ಹಿಂದೆ ಭಾರತೀಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನಲ್ಲಿದ್ದ ಈ ನಿಯಮವನ್ನು 2014ರ ಅನ್ವರ್ ಪಿ.ವಿ. ಮತ್ತು 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವರಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ಅದರ ಸ್ಥಾನವನ್ನು 63ನೇ ಕಲಮು ಪಡೆದಿದೆ. ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು.

ಆದ್ದರಿಂದ ಸಂಶಯ ಗಂಭೀರವಾಗಿದ್ದಲ್ಲಿ ಪರದೆಯ ಛಾಯಾಚಿತ್ರವೊಂದನ್ನೇ ನಂಬಿ ಕೂರದೆ, ಈವೆಂಟ್ ವ್ಯೂವರ್‌ನಲ್ಲಿ ಎಲ್ಲ ಘಟನೆಗಳನ್ನು ಕಡತವಾಗಿ ಉಳಿಸುವ ಆಯ್ಕೆಯಿಂದ ಸೆಕ್ಯುರಿಟಿ ಮತ್ತು ಸಿಸ್ಟಮ್ ಎರಡೂ ಭಾಗಗಳನ್ನು ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳುವುದು ಮೊದಲ ಕೆಲಸ. ಅನಗತ್ಯ ಕಡತಗಳನ್ನು ಗುಡಿಸುವ ತಂತ್ರಾಂಶಗಳನ್ನು ಅದಕ್ಕೆ ಮುಂಚೆ ಚಲಾಯಿಸಬಾರದು. ವಿಂಡೋಸ್ ಅನ್ನು ಮರುಸ್ಥಾಪಿಸಿದರಂತೂ ಎಲ್ಲವೂ ಹೋದಂತೆ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ, ಜನರ ಮಾತಿನಲ್ಲಿ ಸಿಇಎನ್ ಠಾಣೆ ಎನಿಸಿಕೊಂಡ ಪೊಲೀಸ್ ಠಾಣೆಗಳಿವೆ; ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ತಾಲ್ಲೂಕುಗಳವರಿಗೆ ಇದು ಜಿಲ್ಲಾ ಕೇಂದ್ರವಾದ ಗದಗದಲ್ಲಿದೆ. ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ತಡಮಾಡದೆ ಕರೆ ಮಾಡಬೇಕು.

ಲಿನಕ್ಸ್‌ನಲ್ಲಿ

ಲಿನಕ್ಸ್ ವ್ಯವಸ್ಥೆಗಳಲ್ಲಿ ಇದೇ ಕೆಲಸವನ್ನು ಸಿಸ್ಟಮ್‌ಡಿ ಜರ್ನಲ್ ಹಾಗೂ ಡೆಬಿಯನ್, ಉಬುಂಟುಗಳ ದೃಢೀಕರಣ ಕಡತವು ನಿರ್ವಹಿಸುತ್ತವೆ. ಇತ್ತೀಚಿನ ಪ್ರವೇಶಗಳ ಪಟ್ಟಿಯನ್ನು 'ಲಾಸ್ಟ್' ಎಂಬ ಆಜ್ಞೆ ನೀಡುತ್ತದೆ. ಅಲ್ಲಿಯೂ ಹೊಸಬರನ್ನು ಬೆಚ್ಚಿಬೀಳಿಸುವ ನಮೂದು ಒಂದಿದೆ: ಪ್ರತಿ ಗಂಟೆಯ 17ನೇ ನಿಮಿಷದಲ್ಲಿ ಸರ್ವಾಧಿಕಾರದ ರೂಟ್ ಖಾತೆಯು ಪ್ರವೇಶಿಸಿ ಮರುಕ್ಷಣವೇ ಹೊರಹೋದಂತೆ ಕಾಣುತ್ತದೆ. ಅದು ಗಂಟೆಗೊಮ್ಮೆ ನಡೆಯಬೇಕಾದ ಕೆಲಸಗಳನ್ನು ಕ್ರಾನ್ ಎಂಬ ಭಾಗವು ನಿರ್ವಹಿಸುವ ಪರಿ. ಆ ನಿಮಿಷವನ್ನು ಈ ಎರಡು ವಿತರಣೆಗಳ ಮೂಲ ಸಂಯೋಜನೆಯಲ್ಲೇ ನಿಗದಿಪಡಿಸಲಾಗಿದೆ.